ಬಾದಾಮಿಯ ಕೆಂಪು, ಬೆಂಗಳೂರಿನ ಶಾಲೆ

ಬಾಗಲಕೋಟೆಯಿಂದ ಬಾದಾಮಿಗೆ ಬಂದವರ ಕಣ್ಣನ್ನು ಮೊದಲು ಸೆಳೆಯುವುದು ಕೆಂಪು ಬಣ್ಣ. ಅಗಸ್ತ್ಯತೀರ್ಥದ ಅಂಚಿನಲ್ಲಿ ಮರಳುಗಲ್ಲಿನ ಬಂಡೆಗಳು ಕೆಂಪಾಗಿ ಎದ್ದು ನಿಂತಿವೆ. ಚಾಲುಕ್ಯ ಮಂಗಳೇಶನು 578ರಲ್ಲಿ ಪೂರ್ಣಗೊಳಿಸಿದ ಮೂರನೆಯ ಗುಹೆಯಲ್ಲಿ ವರ್ಣಚಿತ್ರಗಳ ಕುರುಹು ಇಂದಿಗೂ ಉಂಟು. ಬನಶಂಕರಿಯ ಜಾತ್ರೆಗೆ ಹುನಗುಂದ, ಇಳಕಲ್ಲುಗಳ ಕಡೆಯಿಂದ ಬರುವ ಹೆಂಗಸರ ಸೆರಗಿನಲ್ಲಿಯೂ ಅದೇ ಕೆಂಪು. ಇಳಕಲ್ಲಿನ ನೇಕಾರನು ಒಡಲಿನ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಕೊಂಡಿ ಹಾಕಿ ಬೆಸೆಯುವುದರಿಂದಲೇ ಆ ಸೀರೆಗೆ ಅಷ್ಟು ಹೆಸರು.

ಈ ಬಾದಾಮಿಯಲ್ಲಿಯೇ 1936ರಲ್ಲಿ ಜನಿಸಿದವರು ಕಲಾವಿದ ಆರ್. ಎಂ. ಹಡಪದರು. ಊರು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದ ಅವರು 1960ರ ದಶಕದ ಕೊನೆಯಲ್ಲಿ ಕೆನ್ ಕಲಾಶಾಲೆಯನ್ನು ಸ್ಥಾಪಿಸಿದರು. ಎ. ಎನ್. ಸುಬ್ಬರಾಯರ ಕಲಾಮಂದಿರವು 1919ರಿಂದಲೇ ಆ ನಗರದಲ್ಲಿ ಚಿತ್ರವಿದ್ಯೆಯನ್ನು ಕಲಿಸುತ್ತಿತ್ತಾದರೂ, ನವ್ಯಕಲೆಯತ್ತ ಮುಖ ಮಾಡಿದ ತರುಣರಿಗೆ ಆಸರೆಗಳು ಹೆಚ್ಚಾಗಿರಲಿಲ್ಲ. ಶೇಷಾದ್ರಿಪುರದ ಕೆನ್ ಶಾಲೆಯು ಅಂಥವರಿಗೆ ಬಾಗಿಲು ತೆರೆಯಿತು.

ಕಲಿಸುವ ಕಲಾವಿದನಿಗೆ ಒಂದು ಸಂಕಟ ತಪ್ಪಿದ್ದಲ್ಲ. ಶಿಷ್ಯನ ಚಿತ್ರದ ಮುಂದೆ ನಿಂತು ತಿದ್ದುವ ಪ್ರತಿಯೊಂದು ಗಳಿಗೆಯೂ ತನ್ನ ಚಿತ್ರದಿಂದ ಕಳೆದ ಗಳಿಗೆಯೇ ಸರಿ. ಬರೆಯಬೇಕೆಂದಿದ್ದ ಚಿತ್ರ ನಾಳೆಗೆ ಉಳಿಯುತ್ತದೆ, ಶಾಲೆಯ ಚಿಂತೆ ಇಂದಿಗೇ ಬೇಕಾಗುತ್ತದೆ. 2003ರಲ್ಲಿ ಹಡಪದರು ತೀರಿಕೊಂಡಾಗ ಅವರು ಉಳಿಸಿಹೋದ ಗಳಿಕೆಯನ್ನು ಅವರ ಚಿತ್ರಗಳಿಂದ ಮಾತ್ರ ಎಣಿಸುವಂತಿರಲಿಲ್ಲ.

ಆ ಗಳಿಕೆಯ ಮಿಕ್ಕ ಭಾಗ ಶಿಷ್ಯರಲ್ಲಿತ್ತು. ಭದ್ರಾವತಿಯಲ್ಲಿ ಹುಟ್ಟಿ, ಕೆನ್ ಶಾಲೆಯಲ್ಲಿ ಕಲಿತು, ಶಾಂತಿನಿಕೇತನ ಮತ್ತು ಲಂಡನ್ನುಗಳಲ್ಲಿ ಅಭ್ಯಾಸ ಮುಂದುವರಿಸಿದ ಶೀಲಾ ಗೌಡರು ಸಗಣಿ, ಧೂಪ, ಕೂದಲು, ಡಾಂಬರಿನ ಡಬ್ಬಿಗಳಿಂದಲೂ ಕಲಾಕೃತಿಗಳನ್ನು ರಚಿಸಿ ಜಗತ್ತಿನ ಗಮನ ಸೆಳೆದರು. ಸೂಜಿಗಳಲ್ಲಿ ಪೋಣಿಸಿದ ನೂಲಿಗೆ ಕುಂಕುಮ ಬಳಿದು ಅವರು ನಿರ್ಮಿಸಿದ ಕೃತಿ ಸುಪ್ರಸಿದ್ಧ.

ಜೆ. ಎಂ. ಎಸ್. ಮಣಿಯವರ ಕಥೆ ಇನ್ನೂ ಸ್ವಾರಸ್ಯದ್ದು. 1949ರಲ್ಲಿ ಜನಿಸಿದ ಅವರು ಕೆನ್ ಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಅದರ ಪ್ರಾಂಶುಪಾಲರೂ ಆದರು. ಗುರುವಿನ ಸಂಕಟ ಶಿಷ್ಯನ ಪಾಲಿಗೂ ಬಂದಿತು. ಆದರೂ ಅವರು ಕುಂಚವನ್ನು ಕೆಳಗಿಡಲಿಲ್ಲ. ಅವರಿಗೆ ಹೆಸರು ತಂದ ಚಿತ್ರಮಾಲೆಯ ವಸ್ತುವಾದರೂ ಯಾವುದು? ಬಾದಾಮಿಯ ಜನ! ಆ ಸೀಮೆಯ ದುಡಿಯುವ ಗಂಡಸರು, ಹೆಂಗಸರು ಗಾಢವಾದ ಬಣ್ಣಗಳಲ್ಲಿ, ಯಾವ ದೈನ್ಯವೂ ಇಲ್ಲದೆ, ನೋಡುವವರ ಎದುರು ನಿಂತರು. ಮಣಿಯವರು 2021ರಲ್ಲಿ ನಿಧನರಾದರು.

ಬಾದಾಮಿಯಲ್ಲಿ ಹುಟ್ಟಿದವನು ಬೆಂಗಳೂರಿಗೆ ಬಂದು ಶಾಲೆ ಕಟ್ಟಿದ. ಆ ಶಾಲೆಯಲ್ಲಿ ಕಲಿತವನು ತನ್ನ ಚಿತ್ರಗಳಿಗೆ ಜನರನ್ನು ಅರಸಿ ಬಾದಾಮಿಗೆ ಹೋದ. ಒಬ್ಬನ ಹಾಸು ಮುಗಿದಲ್ಲಿ ಇನ್ನೊಬ್ಬನದು ಮೊದಲಾಯಿತು. ನಡುವಿನ ಕೊಂಡಿ ಹಾಕಿದ್ದು ಶಾಲೆ. ಕಲಿಸುವುದರಲ್ಲಿ ಕಳೆದುಹೋದ ಗಳಿಗೆಗಳ ಲೆಕ್ಕ ಕೇಳುವವರಿಗೆ ಇಷ್ಟು ಉತ್ತರ ಸಾಕು.