ಮಾತ್ರೆ ಬಿಡುವ ಮುನ್ನ ಒಂದು ಮಾತು

ಆಪರೇಷನ್ ಆಯಿತೆಂದರೆ ಕಾಯಿಲೆ ತೊಲಗಿತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅಪೆಂಡಿಕ್ಸ್‌ನ ಮಟ್ಟಿಗೆ ಇದು ಸರಿ. ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಯ ಮಟ್ಟಿಗೆ ಸರಿಯಲ್ಲ. 1932ರಲ್ಲಿ ಬರ್ರಿಲ್ ಕ್ರೋನ್ ಮತ್ತು ಸಂಗಡಿಗರು ವಿವರಿಸಿದ ಈ ಕಾಯಿಲೆ, ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದ ಮೇಲೂ, ಕರುಳನ್ನು ಜೋಡಿಸಿದ ಜಾಗದಲ್ಲಿಯೇ ಮರುಕಳಿಸುವುದುಂಟು. ಆದ್ದರಿಂದಲೇ ಅನೇಕರಿಗೆ ಶಸ್ತ್ರಚಿಕಿತ್ಸೆಯ ನಂತರವೂ ಔಷಧ ಮುಂದುವರಿಯುತ್ತದೆ. 6ರಿಂದ 12 ತಿಂಗಳೊಳಗೆ ಕೊಲೊನೋಸ್ಕೋಪಿ ಮಾಡಿ ನೋಡುತ್ತಾರೆ.

ತೊಡಕಿರುವುದು ಇಲ್ಲಿಯೇ. ನೋವು ಹೋಗಿದೆ, ಊಟ ಸೇರುತ್ತಿದೆ. ಕಾಟ ಕೊಡುವುದು ಮಾತ್ರೆಯೊಂದೇ. ನಮ್ಮ ಬಂಧುವೊಬ್ಬರು ಓಕರಿಕೆ ತಾಳಲಾರದೆ ಅಜಥಯೋಪ್ರಿನ್ ಮಾತ್ರೆಯನ್ನು ಯಾರಿಗೂ ಹೇಳದೆ ನಿಲ್ಲಿಸಿದರು. ವರ್ಷ ತುಂಬುವುದರೊಳಗೆ ಹೊಟ್ಟೆನೋವು ಮರಳಿತು. ವೈದ್ಯರಿಗೆ ತಿಳಿಸಿದ್ದರೆ ಊಟದೊಡನೆ ಸೇವಿಸುವುದು, ಪ್ರಮಾಣ ಬದಲಿಸುವುದು, ಬೇರೆ ಔಷಧಕ್ಕೆ ಹೋಗುವುದು, ಹೀಗೆ ಹಲವು ದಾರಿಗಳಿದ್ದವು.

ಅಡ್ಡಪರಿಣಾಮವನ್ನು ಹಲ್ಲುಕಚ್ಚಿ ಸಹಿಸಿರೆಂದು ನಾನು ಹೇಳುತ್ತಿಲ್ಲ, ಬಾಯಿಬಿಟ್ಟು ಹೇಳಿರೆನ್ನುತ್ತೇನೆ. ಅಜಥಯೋಪ್ರಿನ್ ಬಿಳಿ ರಕ್ತಕಣಗಳನ್ನು ತಗ್ಗಿಸಬಲ್ಲದು. ಆದ್ದರಿಂದ ರಕ್ತಪರೀಕ್ಷೆ ತಪ್ಪಿಸಬಾರದು. ಜ್ವರ, ಗಂಟಲುನೋವು ಬಂದರೆ ಅಂದೇ ತಿಳಿಸಬೇಕು. ವಾರಗಟ್ಟಲೆ ಸೇವಿಸಿದ ಸ್ಟೀರಾಯ್ಡ್ ಮಾತ್ರೆಯನ್ನು ಒಮ್ಮೆಲೇ ಬಿಡುವುದು ಅಪಾಯಕರ. ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ಇನ್‌ಫ್ಲಿಕ್ಸಿಮ್ಯಾಬ್‌ನಂತಹ ಚುಚ್ಚುಮದ್ದು ಮೈಯಲ್ಲಿ ಅಡಗಿರುವ ಕ್ಷಯವನ್ನು ಕೆರಳಿಸಬಹುದಾದ್ದರಿಂದ, ಅದಕ್ಕೆ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು.

ಎಲ್ಲ ತೊಂದರೆಯೂ ಔಷಧದ್ದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಸಣ್ಣಕರುಳಿನ ಕೊನೆಯ ಭಾಗವನ್ನು ತೆಗೆದವರಲ್ಲಿ ಪಿತ್ತರಸದ ಆಮ್ಲಗಳು ಸರಿಯಾಗಿ ಹೀರಲ್ಪಡದೆ ದೊಡ್ಡಕರುಳಿಗಿಳಿದು ಭೇದಿಯಾಗಬಹುದು. ಅದಕ್ಕೆ ಕೊಲೆಸ್ಟೈರಮಿನ್ ಎಂಬ ಪುಡಿಯಿದೆ. ಬಿ12 ಜೀವಸತ್ವವನ್ನು ಹೀರುವುದೂ ಅದೇ ಭಾಗ. ಕಾಲು ಜೋಮು ಹಿಡಿದರೆ ಕಾರಣ ಬಿ12ರ ಕೊರತೆಯೋ, ಮೆಟ್ರೊನಿಡಜೋಲ್ ಮಾತ್ರೆಯೋ? ಭೇದಿಯಾದರೆ ಮದ್ದಿನದೋ, ಪಿತ್ತದ್ದೋ, ಮರಳಿದ ಕಾಯಿಲೆಯದೋ? ಲಕ್ಷಣ ಒಂದೇ, ಚಿಕಿತ್ಸೆ ಬೇರೆ ಬೇರೆ. ಮನೆಯಲ್ಲಿ ಕುಳಿತು ಇದನ್ನು ತೀರ್ಮಾನಿಸಲಾಗದು.

ಮೇಷ್ಟರಾದ ನನಗೆ ತಿಳಿದ ಉಪಾಯ ಒಂದು ನೋಟುಪುಸ್ತಕ. ಯಾವ ದಿನ, ಯಾವ ಮಾತ್ರೆ, ಎಷ್ಟು ಹೊತ್ತಿಗೆ ಏನಾಯಿತು ಎಂದು ಬರೆದಿಟ್ಟು ವೈದ್ಯರ ಮುಂದಿಡಿ. ಐದು ನಿಮಿಷದ ಭೇಟಿಯಲ್ಲಿ ನೆನಪು ಕೈಕೊಡುತ್ತದೆ, ಬರಹ ಕೈಕೊಡುವುದಿಲ್ಲ. ವೈದ್ಯರೂ ಅಷ್ಟೇ, ಏನೇನಾಗಬಹುದೆಂದು ಮೊದಲೇ ಹೇಳಿದರೆ ರೋಗಿ ಬೆದರಿ ಮಾತ್ರೆ ಬಿಡುವ ಸಂಭವ ಕಡಿಮೆ. ಇನ್ನು ಮನೆಯವರು "ಆಪರೇಷನ್ ಆಯಿತಲ್ಲ, ಇನ್ನೂ ಏಕೆ ಮಾತ್ರೆ?" ಎಂದು ಕೇಳುವ ಬದಲು, "ಮಾತ್ರೆ ಒಗ್ಗುತ್ತಿದೆಯೇ?" ಎಂದು ಕೇಳುವುದು ಲೇಸು.