ಕಸ ತಿನ್ನುವ ಬಾಯಿ, ಕಸ ಆಯುವ ಕೈ

ಬೆಳಿಗ್ಗೆ ಹಾಲು ತರಲು ಹೊರಟಾಗ ಬೀದಿಯ ಮೂಲೆಯ ಕಸದ ರಾಶಿಯ ಬಳಿ ಎರಡು ನಿಮಿಷ ನಿಂತು ನೋಡಿ. ಬಿಡಾಡಿ ಹಸುವೊಂದು ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲವನ್ನು ಜಗ್ಗುತ್ತಿರುತ್ತದೆ. ನಾಯಿಗಳು ಮೂಳೆಗಾಗಿ ಕಚ್ಚಾಡುತ್ತಿರುತ್ತವೆ. ಚರಂಡಿಯ ಪಕ್ಕದಲ್ಲಿ ಹಂದಿಯೊಂದು ಮರಿಗಳೊಡನೆ ಮೇಯುತ್ತಿರುತ್ತದೆ. ಇವುಗಳ ನಡುವೆಯೇ ಹೆಗಲಿಗೆ ಗೋಣಿಚೀಲ ಹಾಕಿಕೊಂಡ ಹೆಂಗಸೊಬ್ಬರು ಬರಿಗೈಯಲ್ಲಿ ಬಾಟಲಿ, ರಟ್ಟು, ತಗಡುಗಳನ್ನು ಹೆಕ್ಕುತ್ತಿರುತ್ತಾರೆ.

ನಾವು ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತೇವೆ. ಆದರೆ ಯೋಚಿಸಿ ನೋಡಿ. ಇವರಾರಿಗೂ ನಗರಸಭೆ ನೇಮಕದ ಆದೇಶ ಕೊಟ್ಟಿಲ್ಲ. ಆದರೂ ನಮ್ಮ ಕಸದಲ್ಲಿ ಒಂದು ಪಾಲನ್ನು ಇವರೇ ಕರಗಿಸುತ್ತಿದ್ದಾರೆ. ಈ ಏರ್ಪಾಡು ನಮ್ಮ ಆರೋಗ್ಯಕ್ಕೆ ಒಳ್ಳೆಯದೇ, ಕೆಟ್ಟದ್ದೇ? ಉತ್ತರ ಇರುವುದು ನಮ್ಮ ಅಡುಗೆಮನೆಯಲ್ಲಿ.

ಹಿಂದೆ ಮನೆಮನೆಯಲ್ಲೂ ಕಲಗಚ್ಚಿನ ಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಅನ್ನ ಹಸುವಿನ ಪಾಲು. ಸಗಣಿ, ಬೂದಿ, ಕಸಕಡ್ಡಿ ತಿಪ್ಪೆಯ ಪಾಲು. ತಿಪ್ಪೆಯ ಗೊಬ್ಬರ ಹೊಲದ ಪಾಲು. ಪ್ರಾಣಿಯಿಂದ ಕಸ ನಿರ್ವಹಿಸುವುದು ನಮಗೆ ಹೊಸ ವಿದ್ಯೆಯೇನಲ್ಲ. ಆದರೆ ಆ ಬಾನಿಗೆ ಯಾರೂ ಬ್ಲೇಡು, ಬಲ್ಬಿನ ಚೂರು, ಪ್ಲಾಸ್ಟಿಕ್ ಹಾಕುತ್ತಿರಲಿಲ್ಲ. ಇಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ.

ಈಜಿಪ್ಟಿನ ರಾಜಧಾನಿ ಕೈರೋದಲ್ಲಿ ‘ಜಬ್ಬಾಲೀನ್’ ಎಂಬ ಜನರಿದ್ದಾರೆ. ಆ ಪದಕ್ಕೆ ಕಸದವರು ಎಂದೇ ಅರ್ಥ. 1940ರ ದಶಕದಿಂದ ಹಳ್ಳಿಗಾಡಿನಿಂದ ವಲಸೆ ಬಂದ ಇವರಲ್ಲಿ ಹೆಚ್ಚಿನವರು ಕಾಪ್ಟಿಕ್ ಕ್ರೈಸ್ತರು. ಮನೆಮನೆಯ ಕಸ ಹೊತ್ತು ತಂದು, ಕೈಯಿಂದಲೇ ಬೇರ್ಪಡಿಸಿ, ಆಹಾರದ ಭಾಗವನ್ನು ತಮ್ಮ ಹಂದಿಗಳಿಗೆ ಹಾಕುತ್ತಿದ್ದರು. ಕಾಗದ, ಗಾಜು, ಪ್ಲಾಸ್ಟಿಕ್ ಮಾರುತ್ತಿದ್ದರು. ತಾವು ತಂದ ಕಸದಲ್ಲಿ ಶೇ 80ರಷ್ಟನ್ನು ಮರುಬಳಕೆಗೆ ಒಪ್ಪಿಸುತ್ತಿದ್ದರೆಂದು ಅಂದಾಜು. 2003ರ ಸುಮಾರಿಗೆ ಸರ್ಕಾರ ವಿದೇಶಿ ಕಂಪನಿಗಳಿಗೆ ಕಸದ ಗುತ್ತಿಗೆ ಕೊಟ್ಟಿತಾದರೂ ಜಬ್ಬಾಲೀನರ ಕೆಲಸ ನಿಲ್ಲಲಿಲ್ಲ.

2009ರಲ್ಲಿ ಹಂದಿಜ್ವರದ ಭೀತಿ ಜಗತ್ತಿಗೆಲ್ಲ ಹಬ್ಬಿತು. ಏಪ್ರಿಲ್ ಕೊನೆಯಲ್ಲಿ ಈಜಿಪ್ಟ್ ಸರ್ಕಾರ ದೇಶದ ಎಲ್ಲ ಹಂದಿಗಳನ್ನೂ, ಅಂದರೆ ಸುಮಾರು 3 ಲಕ್ಷ ಹಂದಿಗಳನ್ನು, ಕೊಲ್ಲಲು ಆದೇಶಿಸಿತು. ಆಗ ಅಲ್ಲಿ ಒಬ್ಬ ಮನುಷ್ಯನಿಗೂ ಆ ಜ್ವರ ಕಾಣಿಸಿರಲಿಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದೆ, ಹಂದಿಗಳನ್ನು ಕೊಂದು ಪ್ರಯೋಜನವಿಲ್ಲವೆಂದು ತಜ್ಞರು ಹೇಳಿದರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ನಮ್ಮ ಗಾದೆಯಂತಾಯಿತು. ಜ್ವರವೂ ತಪ್ಪಲಿಲ್ಲ, ಜೂನ್ ತಿಂಗಳಲ್ಲಿ ದೇಶದೊಳಕ್ಕೆ ಬಂದೇ ಬಂತು. ಹಂದಿಗಳಿಲ್ಲದ ಮೇಲೆ ಜಬ್ಬಾಲೀನರಿಗೆ ಹಸಿಕಸ ಬೇಡವಾಯಿತು. ಆ ವರ್ಷ ಕೈರೋದ ಬೀದಿಗಳಲ್ಲಿ ಕಸ ಕೊಳೆತು ನಾರಿತು.

ಹಾಗೆಂದು ನಮ್ಮ ಊರಲ್ಲೂ ಹಂದಿಗಳನ್ನು ಬೀದಿಗೆ ಬಿಡೋಣವೇ? ಖಂಡಿತ ಬೇಡ. ಗೂಡಿನಲ್ಲಿ ಕಟ್ಟಿ, ಬೇರ್ಪಡಿಸಿದ ಹಸಿಕಸವನ್ನು ಚೆನ್ನಾಗಿ ಕುದಿಸಿ ಹಾಕಿ ಸಾಕಿದ ಹಂದಿ ಬೇರೆ. ಚರಂಡಿಯಲ್ಲಿ ಅಲೆದು ಮಲ ತಿನ್ನುವ ಹಂದಿ ಬೇರೆ. ಎರಡನೆಯದರ ಮಾಂಸದಲ್ಲಿ ಲಾಡಿಹುಳುವಿನ ಮರಿಕೋಶಗಳಿರಬಹುದು. ಅರೆಬೆಂದ ಮಾಂಸ ತಿಂದವರ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ. ಅವರ ಮಲದ ಮೂಲಕ ಹೊರಬಿದ್ದ ಮೊಟ್ಟೆ ಕೊಳಕು ಕೈಯಿಂದಲೋ, ತೊಳೆಯದ ಸೊಪ್ಪಿನಿಂದಲೋ ಇನ್ನೊಬ್ಬರ ಹೊಟ್ಟೆ ಸೇರಿ, ರಕ್ತದಲ್ಲಿ ಹರಿದು ಮಿದುಳಿನಲ್ಲಿ ನೆಲೆಸಿದರೆ ಮೂರ್ಛೆ ಬರುತ್ತದೆ. “ನಾವು ಮಾಂಸ ಮುಟ್ಟುವವರೇ ಅಲ್ಲ” ಎನ್ನುವವರಿಗೂ ಈ ಕಾಯಿಲೆ ಬರುತ್ತದೆ ಎಂಬುದನ್ನು ನೆನಪಿಡಿ. ಮಿದುಳು ಜ್ವರದ ವೈರಾಣು ಕೂಡ ಹಂದಿಯ ಮೈಯಲ್ಲಿ ಹೆಚ್ಚಿ, ಸೊಳ್ಳೆಯ ಮೂಲಕ ಮಕ್ಕಳಿಗೆ ಅಂಟುತ್ತದೆ. ಇಲ್ಲಿ ತಪ್ಪು ಹಂದಿಯದಲ್ಲ. ಬಯಲು ಶೌಚ ಮತ್ತು ತೆರೆದ ಚರಂಡಿಗಳದು.

ಹಸುವಿನ ಪಾಡು ಇನ್ನೂ ಕರುಣಾಜನಕ. ಅದು ಮೊದಲು ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿ. ಚೀಲದೊಳಗಿನ ಅನ್ನದ ವಾಸನೆಗೆ ಗಂಟುಸಹಿತ ನುಂಗುತ್ತದೆ. ಪ್ಲಾಸ್ಟಿಕ್ ಜೀರ್ಣವಾಗದೆ ಹೊಟ್ಟೆಯಲ್ಲೇ ಮುದ್ದೆಗಟ್ಟುತ್ತದೆ. ಮೊಳೆ, ತಂತಿ ಸೇರಿದರೆ ಹೊಟ್ಟೆಯ ಗೋಡೆ ಚುಚ್ಚಿ ಹೃದಯದವರೆಗೂ ಹೋಗಬಹುದು. ಗೋಪೂಜೆಯ ದಿನ ಬಾಳೆಹಣ್ಣು ತಿನ್ನಿಸಿ, ಮರುದಿನ ಅದೇ ಹಸುವಿಗೆ ಪ್ಲಾಸ್ಟಿಕ್ ಗಂಟು ಎಸೆಯುವುದು ಯಾವ ಧರ್ಮ? ಇನ್ನು ಬೀದಿಯಲ್ಲಿ ಸುರಿದ ಎಂಜಲು ನಾಯಿಗಳ ಹಿಂಡನ್ನು ಸಾಕುತ್ತದೆ. ಮನುಷ್ಯರಿಗೆ ತಗಲುವ ಹುಚ್ಚುನಾಯಿ ರೋಗದಲ್ಲಿ ಬಹುಪಾಲು ನಾಯಿಕಡಿತದಿಂದಲೇ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು, ಅಂದೇ ವೈದ್ಯರಲ್ಲಿಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಈಗ ಗೋಣಿಚೀಲದ ಆ ಹೆಂಗಸಿನ ವಿಷಯಕ್ಕೆ ಬರೋಣ. ನಾವು ಎಸೆದ ಇಂಜೆಕ್ಷನ್ ಸೂಜಿ ಅವರ ಬೆರಳಿಗೆ ಚುಚ್ಚಿದರೆ ಹೆಪಟೈಟಿಸ್ ಬಿ ಬರಬಹುದು. ಗಾಜಿನ ಚೂರು ತಗುಲಿದರೆ ಗಾಯ ಕೀವಾಗಬಹುದು, ಧನುರ್ವಾಯುವಿಗೂ ದಾರಿಯಾಗಬಹುದು. ಕೊಳೆತ ಕಸದ ದೂಳು ಕೆಮ್ಮು, ಉಬ್ಬಸ ತರುತ್ತದೆ. ಒಂದು ದಿನ ಮಲಗಿದರೆ ಅಂದಿನ ಕೂಲಿ ಇಲ್ಲ. ನಮ್ಮ ಓಣಿಯನ್ನು ಇಲಿ, ನೊಣ, ಸೊಳ್ಳೆಗಳಿಂದ ಕಾಪಾಡುವವರು ಸಾರ್ವಜನಿಕ ಆರೋಗ್ಯದ ಕೆಲಸಗಾರರಲ್ಲದೆ ಮತ್ತೇನು?

ಪುಣೆಯಲ್ಲಿ ಚಿಂದಿ ಆಯುವವರು 1993ರಲ್ಲೇ ಸಂಘ ಕಟ್ಟಿಕೊಂಡರು. ಮುಂದೆ ‘ಸ್ವಚ್ಛ್’ ಎಂಬ ತಮ್ಮದೇ ಸಹಕಾರ ಸಂಘದ ಮೂಲಕ ಮನೆಬಾಗಿಲಿಂದ ಕಸ ಒಯ್ಯುವ ಕೆಲಸವನ್ನು ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ನಡೆಸಿದರು. ಬೆಂಗಳೂರಿನಲ್ಲೂ ಪಾಲಿಕೆಯಿಂದ ಅವರಿಗೆ ಗುರುತಿನ ಚೀಟಿ ಸಿಕ್ಕಿತು. 2012ರಲ್ಲಿ ಮಾವಳ್ಳಿಪುರದ ಜನ ಕಸದ ಲಾರಿಗಳನ್ನು ತಡೆದಾಗ ಊರೆಲ್ಲ ನಾರಿದ್ದನ್ನು ಬೆಂಗಳೂರಿಗರು ಮರೆತಿರಲಾರರು. ದೂರದ ಹಳ್ಳಿಗೆ ಸಾಗಿಸಿದರೆ ಕಸ ಮಾಯವಾಗುವುದಿಲ್ಲ ಎಂಬ ಪಾಠ ಆಗ ಸಿಕ್ಕಿತು. 2016ರ ಕೇಂದ್ರ ನಿಯಮಗಳೂ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕು, ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಎಂದೇ ಹೇಳಿದವು.

“ತೆರಿಗೆ ಕಟ್ಟುವುದಿಲ್ಲವೇ? ನಾವೇಕೆ ಬೇರ್ಪಡಿಸಬೇಕು?” ಎಂದು ನೀವು ಕೇಳಬಹುದು. ನಿಜ, ಕೈಗವಸು, ಬೂಟು, ಲಸಿಕೆ, ನ್ಯಾಯವಾದ ಕೂಲಿ ಕೊಡುವುದು ಪಾಲಿಕೆಯ ಹೊಣೆ. ಅದನ್ನು ಒತ್ತಾಯಿಸಿ ಕೇಳೋಣ. ಆದರೆ ಬೆರೆಸಿದ್ದನ್ನು ಬಿಡಿಸುವುದಕ್ಕಿಂತ ಬೆರೆಸದಿರುವುದು ಸುಲಭ. ಅನ್ನ, ಸಾರು, ಗಾಜು ಒಂದಾದ ಮೇಲೆ ಅದು ಹಸುವಿಗೂ ಆಗದು, ಗೊಬ್ಬರಕ್ಕೂ ಆಗದು, ಗುಜರಿಗೂ ಆಗದು.

ನಿಮ್ಮ ಮನೆಯಲ್ಲಿ ಇಷ್ಟು ಮಾಡಿ. ಹಸಿಕಸಕ್ಕೆ ಮುಚ್ಚಳವಿರುವ ಒಂದು ಬಕೆಟ್ ಇಡಿ. ಪ್ಲಾಸ್ಟಿಕ್ ಚೀಲ ಬೇಡ. ಒಣಕಸಕ್ಕೆ ಒಂದು ಗೋಣಿಚೀಲ ಸಾಕು; ಹಾಲಿನ ಕವರನ್ನು ತೊಳೆದು ಒಣಗಿಸಿ ಅದರಲ್ಲಿ ಹಾಕಿ. ಸ್ಯಾನಿಟರಿ ಪ್ಯಾಡು, ಮಕ್ಕಳ ಡೈಪರನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಶಾಯಿಯಿಂದ ಗುರುತು ಮಾಡಿ ಬೇರೆ ಕೊಡಿ. ಸಕ್ಕರೆ ಕಾಯಿಲೆಯವರು ಬಳಸಿದ ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿಯಿರಿ. ಒಡೆದ ಗಾಜನ್ನು ರಟ್ಟಿನಲ್ಲಿ ಸುತ್ತಿ, ಕೊಡುವಾಗ ಬಾಯಿಬಿಟ್ಟು ಹೇಳಿ. ತೆಂಗಿನ ಚಿಪ್ಪು, ಹಳೆಯ ಟೈರಿನಲ್ಲಿ ಮಳೆನೀರು ನಿಲ್ಲದಂತೆ ನೋಡಿಕೊಳ್ಳಿ. ಡೆಂಗೆಯ ಸೊಳ್ಳೆಗೆ ಅಷ್ಟು ನೀರು ಸಾಕು.

ಕಸ ಒಯ್ಯಲು ಬರುವವರಿಗೆ “ಅಮ್ಮ, ಕೈ ತೊಳೆದುಕೊಳ್ಳಿ” ಎಂದು ಒಂದು ಚೊಂಬು ನೀರು, ಒಂದು ಚೂರು ಸೋಪು ಕೊಟ್ಟರೆ ನಮ್ಮ ಗಂಟೇನೂ ಹೋಗುವುದಿಲ್ಲ. ನಾಳೆ ಬೆಳಿಗ್ಗೆ ಚೀಲಕ್ಕೆ ಗಂಟು ಹಾಕುವ ಮೊದಲು, ಇದನ್ನು ಬಿಚ್ಚುವುದು ಯಾರ ಕೈ, ಯಾವ ಬಾಯಿ ಎಂದು ಒಮ್ಮೆ ಯೋಚಿಸಿ.