ಕಾನು ಬಲ್ಲವರಿಗೆ ದಕ್ಕದ ಅನುದಾನ

ವನ್ಯಜೀವಿ ಸಂರಕ್ಷಣೆಗೆ ಹೊಸದಾಗಿ ಕಾಲಿಡುವ ಯುವಜನರಿಗೆ ಹಣದ ಕೊರತೆಯಿಲ್ಲ, ಅರ್ಜಿ ಹಾಕುವವರದೇ ಕೊರತೆ ಎಂಬ ಮಾತು ವಿಚಾರಸಂಕಿರಣಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಬ್ರಿಟನ್ನಿನ ರಫರ್ಡ್ ಪ್ರತಿಷ್ಠಾನದ ಕಿರು ಅನುದಾನವಿದೆ. ಪಕ್ಷಿತಜ್ಞ ರವಿ ಶಂಕರನ್ ಹೆಸರಿನಲ್ಲಿ ಇನ್‌ಲ್ಯಾಕ್ಸ್ ಪ್ರತಿಷ್ಠಾನ ಸ್ಥಾಪಿಸಿದ ಫೆಲೋಶಿಪ್ ಇದೆ. 2008ರಿಂದ 2015ರವರೆಗೆ ಪಶ್ಚಿಮಘಟ್ಟಕ್ಕೆಂದೇ ಬಂದ ಅಂತಾರಾಷ್ಟ್ರೀಯ ನಿಧಿಯೊಂದನ್ನು ಬೆಂಗಳೂರಿನ ಏಟ್ರೀ ಸಂಸ್ಥೆ ಸಮನ್ವಯಗೊಳಿಸಿತ್ತು. ಇವುಗಳಿಂದ ಒಳ್ಳೆಯ ಕೆಲಸ ನಡೆದಿಲ್ಲವೆಂದು ಯಾರೂ ಹೇಳಲಾರರು. ಆದರೆ ಸೊರಬ, ಶಿಕಾರಿಪುರಗಳ ಹಳ್ಳಿಯಲ್ಲಿ ನಿಂತು ನೋಡಿದರೆ ಈ ಮಾತಿನ ಟೊಳ್ಳು ತಿಳಿಯುತ್ತದೆ.

ಸೊರಬ ಕಾನುಗಳ ಸೀಮೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರ್ಯಾಂಟ್ ಸಲ್ಲಿಸಿದ ವರದಿ ಈ ಒಂದೇ ತಾಲ್ಲೂಕಿನಲ್ಲಿ 171 ಕಾನುಗಳನ್ನು, 32,000 ಎಕರೆಗೂ ಮಿಕ್ಕ ವಿಸ್ತಾರವನ್ನು ದಾಖಲಿಸಿದೆ. ಕಾಡುಮೆಣಸಿನ ಬಳ್ಳಿ, ಬಗನಿ ಮರ, ಒರತೆ, ಬನದ ದೇವರು ಎಲ್ಲವೂ ಸೇರಿದ ಕಾಡು ಅದು. ಯಾವ ಕಾನಿನ ಯಾವ ಅಂಚು ಒತ್ತುವರಿಯಾಯಿತು, ಎಲ್ಲಿ ಅಕೇಶಿಯಾ ಬಂತು, ಯಾವ ಒರತೆ ಯಾವ ವರ್ಷ ಬತ್ತಿತು ಎಂಬುದನ್ನು ಬಲ್ಲವರು ಅದರ ಮಗ್ಗುಲಲ್ಲೇ ದನ ಮೇಯಿಸಿ ಬೆಳೆದವರು. ಅವರ ಮಕ್ಕಳಲ್ಲಿ ಅನೇಕರು ಇಂದು ಪದವೀಧರರು. ರಫರ್ಡ್‌ನ ಅರ್ಜಿಯಾದರೋ ಇಂಗ್ಲಿಷಿನಲ್ಲಿ. ಜೊತೆಗೆ ಮೂವರು ಬಲ್ಲವರ ಶಿಫಾರಸು ಬೇಕು. ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಓದಿದ ತರುಣಿಗೆ ಕಾನಿನ ನೂರು ಮರಗಳ ಹೆಸರು ಗೊತ್ತಿರಬಹುದು. ತನ್ನನ್ನು ಬಲ್ಲ ಮೂವರು ವಿಜ್ಞಾನಿಗಳನ್ನು ಆಕೆ ಎಲ್ಲಿಂದ ತರಬೇಕು?

ಕಾಲಾವಧಿಯ ಪ್ರಶ್ನೆ ಇನ್ನೂ ದೊಡ್ಡದು. ಗುಡವಿ ಪಕ್ಷಿಧಾಮದ ವಿಸ್ತೀರ್ಣ ಮುಕ್ಕಾಲು ಚದರ ಕಿಲೋಮೀಟರಿನಷ್ಟು. ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆಯೇ ಹೊರತು ಮರಿಗಳ ಹೊಟ್ಟೆ ತುಂಬುವುದು ಬೇಲಿಯ ಹೊರಗಿನ ಗದ್ದೆ, ಕೆರೆಗಳಿಂದ. ಗದ್ದೆಗಳು ಅಡಿಕೆ ತೋಟವಾಗುತ್ತಿವೆ, ಶುಂಠಿಗೆ ಗುತ್ತಿಗೆ ಹೋಗುತ್ತಿವೆ. ಶಿಕಾರಿಪುರದ ಕಡೆ ಮೆಕ್ಕೆಜೋಳ ಹಬ್ಬಿದೆ. ಶುಂಠಿಗೆ ಸುರಿಯುವ ಔಷಧ ಮಳೆನೀರಿನೊಡನೆ ಕೆರೆಗೆ ಇಳಿದರೆ ಮೀನು, ಕಪ್ಪೆ, ಹುಳುಗಳ ಗತಿಯೇನು, ಗೂಡಿನಲ್ಲಿ ಉಳಿಯುವ ಮರಿಗಳೆಷ್ಟು ಎಂಬುದನ್ನು ಅರಿಯಲು ಹತ್ತು ಮಳೆಗಾಲದ ಲೆಕ್ಕ ಬೇಕು. ಒಂದೆರಡು ವರ್ಷದ ಅನುದಾನ ಮೊದಲ ಪಟ್ಟಿ ಸಿದ್ಧವಾಗುವಷ್ಟರಲ್ಲಿ ತೀರಿಹೋಗುತ್ತದೆ. ಸಂಶೋಧಕ ಇನ್ನೊಂದು ಪ್ರಾಣಿಯನ್ನು ಅರಸಿ ಇನ್ನೊಂದು ಕಾಡಿಗೆ ಹೊರಡುತ್ತಾನೆ. ಅದು ಹೆಚ್ಚಾಗಿ ಹುಲಿಯೇ ಆಗಿರುತ್ತದೆ. ಕಪ್ಪೆಗೆ ಅಷ್ಟು ಚೆಲುವಾದ ಛಾಯಾಚಿತ್ರವಿಲ್ಲವಷ್ಟೆ.

ಸರ್ಕಾರವೂ ಬಾಗಿಲನ್ನು ಕಿರಿದಾಗಿಸಿದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಾದ ತಿದ್ದುಪಡಿಯಂತೆ, ನೋಂದಾಯಿತ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಮತ್ತೊಬ್ಬರಿಗೆ ವರ್ಗಾಯಿಸುವಂತಿಲ್ಲ. ದೊಡ್ಡ ಸಂಸ್ಥೆ ಪಡೆದು ಹಳ್ಳಿಯ ಪುಟ್ಟ ಗುಂಪಿಗೆ ಹಂಚುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು.

ಹಾಗಾದರೆ ಹಣವೇ ಇಲ್ಲವೇ? ಇದೆ, ಮನೆಯಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 43ನೇ ಕಲಮು ಸ್ಥಳೀಯ ಜೀವವೈವಿಧ್ಯ ನಿಧಿಯನ್ನು ವಿಧಿಸುತ್ತದೆ. ಕಾಡು ಕಡಿದದ್ದಕ್ಕೆ ಪರಿಹಾರವಾಗಿ ಸಂಗ್ರಹವಾದ ಅರಣ್ಯೀಕರಣ ನಿಧಿಯಲ್ಲಿ ಶೇ. 90 ಭಾಗ 2016ರ ಕಾಯ್ದೆಯಂತೆ ರಾಜ್ಯಗಳದ್ದು. ಆದರೆ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ಹೇಗೆ ನಡೆಯಿತು? 2020ರ ಫೆಬ್ರವರಿಯಿಂದ ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕಾದೀತೆಂದು ಹಸಿರು ನ್ಯಾಯಮಂಡಳಿ ರಾಜ್ಯಗಳನ್ನು ಎಚ್ಚರಿಸಿದ ಮೇಲೆ ದೇಶದಾದ್ಯಂತ ಅವಸರವೇ ಅವಸರ. ಅವಸರದ ಪುಸ್ತಕದಲ್ಲಿ ಕಾನು ಒಂದು ಸಾಲಾಗುತ್ತದೆ, ಅದನ್ನು ಬಲ್ಲವರ ಹೆಸರೂ ಇರುವುದಿಲ್ಲ.

ಸೊರಬ ಮತ್ತು ಶಿಕಾರಿಪುರದ ಪ್ರತಿ ಜೀವವೈವಿಧ್ಯ ಸಮಿತಿಯೂ ಸ್ಥಳೀಯ ಯುವಕ ಯುವತಿಯರಿಬ್ಬರಿಗೆ ಕನಿಷ್ಠ ಐದು ವರ್ಷ ಮಾಸಿಕ ಶಿಷ್ಯವೇತನ ಕೊಡಬೇಕು. ಅರ್ಜಿ, ವರದಿ ಎರಡೂ ಕನ್ನಡದಲ್ಲಿರಲಿ. ಶಿಫಾರಸು ಮಾಡುವುದು ಗ್ರಾಮಸಭೆಯ ಕೆಲಸವಾಗಲಿ. ಶಿವಮೊಗ್ಗದ ವಿಶ್ವವಿದ್ಯಾಲಯಗಳು ತರಬೇತಿಯ ಹೊಣೆ ಹೊರಲಿ. ಈ ಬೇಡಿಕೆ ಮುಂದಿನ ಗ್ರಾಮಸಭೆಗಳ ನಡಾವಳಿ ಪುಸ್ತಕದಲ್ಲಿ ಠರಾವಾಗಿ ದಾಖಲಾಗಿ ರಾಜ್ಯ ಜೀವವೈವಿಧ್ಯ ಮಂಡಳಿಯನ್ನು ತಲುಪಬೇಕು.